ಮಾವನ ಕಾರಿನಲ್ಲಿ ಅಪ್ಪನ ರೇಡಿಯೋ

ಆ ರೇಡಿಯೋ ಕೆಟ್ಟಿತ್ತು ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅಂದವರಲ್ಲಿ ಈಗ ಬಹಳ ಜನ ಇಲ್ಲ. ಕಾರು ಗುಜರಿಗೆ ಹೋಗಿ ಯಾವ ಕಾಲವಾಯಿತೋ. ನನಗೂ ಮೊಮ್ಮಕ್ಕಳಾಗಿ, ಮಂಡಿ ನೋವು ಬಂದು, ಮಾತಿಗೆ ಮಾತು ಕೊಡುವುದನ್ನು ಕಡಿಮೆ ಮಾಡಿದ್ದೇನೆ ಅಂತ ಮನೆಯವರು ಹೇಳುತ್ತಾರೆ. ಕಡಿಮೆ ಮಾಡಿಲ್ಲ. ಅವರ ಕಿವಿ ಮಂದವಾಗಿದೆ, ಅಷ್ಟೆ. ಆ ರೇಡಿಯೋ ಕೆಟ್ಟಿರಲಿಲ್ಲ. ತಪ್ಪಿದ್ದದ್ದು ಕಾರಿನಲ್ಲಿ.

ಅರವತ್ತರ ದಶಕದ ಮೊದಮೊದಲ ವರ್ಷಗಳು. ಶಿರಾದ ಪೇಟೆ ಬೀದಿಯಲ್ಲಿ ನಮ್ಮಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಅಂಗಡಿ ಅಂದರೆ ಒಂದು ಸಣ್ಣ ಮಳಿಗೆ, ಒಂದು ಉದ್ದನೆಯ ಬೆಂಚು, ಹಿಂದಿನ ಗೋಡೆಗೆ ಹೊಟ್ಟೆ ಬಿಚ್ಚಿ ಒರಗಿಸಿಟ್ಟ ರೇಡಿಯೋಗಳು. ಪಕ್ಕದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರ ಅಂಗಡಿ. ಅವರ ತಿದಿಯ ಸದ್ದು, ನವಸಾಗರದ ಹೊಗೆ, ನಮ್ಮ ಕಡೆಯಿಂದ ಬೆಂಗಳೂರು ಸ್ಟೇಷನ್ನಿನ ವಾರ್ತೆ, ಎಲ್ಲ ಬೆರೆತು ಬೀದಿಗೆ ಹೋಗುತ್ತಿತ್ತು. ತಾವರೆಕೆರೆ ಕಡೆಯ ಪಂಚಾಯ್ತಿ ರೇಡಿಯೋಗಳು ಗೋಣಿಚೀಲ ಹೊದ್ದುಕೊಂಡು ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಅಪ್ಪ ಅವನ್ನು ಬಿಚ್ಚುವ ಮೊದಲೇ ತಟ್ಟಿ, ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, ಏನಾಗಿದೆ ಎಂದು ಹೇಳಿಬಿಡುತ್ತಿದ್ದ.

ಅಪ್ಪನ ಕಿವಿ ಅಷ್ಟು ಚುರುಕು. ಕಣ್ಣು ಮಾತ್ರ ಕೈಕೊಟ್ಟಿತ್ತು. ರೇಡಿಯೋದೊಳಗಿನ ರೆಸಿಸ್ಟರುಗಳ ಮೈಮೇಲೆ ಬಣ್ಣದ ಪಟ್ಟಿಗಳಿರುತ್ತವೆ, ಅವನ್ನು ಓದಿಯೇ ಅವುಗಳ ಅಳತೆ ತಿಳಿಯಬೇಕು. ಅಪ್ಪನಿಗೆ ಕಂದು ಬಣ್ಣಕ್ಕೂ ಕೆಂಪಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹಾಗಾಗಿ ಸ್ಕೂಲು ಬಿಡಿಸಿದ ಮೇಲೆ ನಾನು ಅಂಗಡಿಯಲ್ಲಿ ಕೂತು ಅವನಿಗೆ ಬಣ್ಣ ಓದಿ ಹೇಳುತ್ತಿದ್ದೆ. ಓದುತ್ತಾ ಓದುತ್ತಾ ಬೆಸುಗೆ ಹಾಕುವುದು ಬಂತು, ವಾಲ್ವು ಬದಲಾಯಿಸುವುದು ಬಂತು, ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೂ ಬಂತು. ಯಾರೂ ಕೂರಿಸಿ ಕಲಿಸಲಿಲ್ಲ. ಬೇಡ ಎಂದೂ ಯಾರೂ ಅನ್ನಲಿಲ್ಲ, ನನ್ನ ಮದುವೆಯ ಮಾತು ಏಳುವ ತನಕ.

ಮದುವೆಯ ಮಾತು ಎದ್ದಾಗ ಗೊತ್ತಾಯಿತು ನೋಡಿ, ನಾನು ಕಲಿತದ್ದು ವಿದ್ಯೆಯಲ್ಲ, ಕಳಂಕ ಎಂದು. ಬಂದ ಸಂಬಂಧಗಳು ಬಂದ ದಾರಿಯಲ್ಲೇ ವಾಪಸ್ಸಾದವು. ಹುಡುಗಿ ಬೀದಿ ಅಂಗಡಿಯಲ್ಲಿ ಗಂಡಸರ ಎದುರು ಕೂತು ರೇಡಿಯೋ ಬಿಚ್ಚುತ್ತಾಳಂತೆ ಎಂಬ ಸುದ್ದಿ ನಮಗಿಂತ ಮುಂಚೆ ಅವರ ಮನೆ ಮುಟ್ಟುತ್ತಿತ್ತು. ಕೊನೆಗೆ ಮಧುಗಿರಿಯ ಮನೆಯವರು ಒಪ್ಪಿದರು. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಮುಟ್ಟದ ಹಾಗೆ ಅಪ್ಪ ನನ್ನನ್ನು ಮೊದಲೇ ಅಂಗಡಿ ಬಿಡಿಸಿ ಮನೆಯೊಳಗೆ ಕೂರಿಸಿದ್ದ.

ನನ್ನನ್ನು ಕಳಿಸಿಕೊಡುವ ದಿನ ಅಪ್ಪ ಪಕ್ಕಕ್ಕೆ ಕರೆದು ಹೇಳಿದ, "ನೋಡವ್ವಾ, ಅಲ್ಲಿಗೋದ್ಮೇಲೆ ಈ ಕೆಲ್ಸ ಮರ್ತ್ಬುಡು. ಬರ್ತೈತೆ ಅಂತ್ಲೂ ಯಾರ್ಗೂ ಯೋಳ್ಬ್ಯಾಡ. ನನ್ ಮಾನ ನಿನ್ ಕೈಲೈತೆ."

ಹೂಂ ಅಂದೆ.

ಅಪ್ಪ ಮದುವೆಗೆ ಕೊಟ್ಟ ಉಡುಗೊರೆ ಒಂದು ಕಾರು ರೇಡಿಯೋ. ಮಧುಗಿರಿಯ ಬೀಗರ ಮನೆಯಲ್ಲಿ ಕಾರಿತ್ತು, ಅದಕ್ಕೆ ರೇಡಿಯೋ ಇರಲಿಲ್ಲ. ಬೆಂಗಳೂರಿನ ಗುಜರಿಯಲ್ಲಿ ಸಿಕ್ಕ ಒಂದು ಡಬ್ಬವನ್ನು ತಂದು, ಒಳಗಿದ್ದದ್ದನ್ನೆಲ್ಲ ಕಿತ್ತು, ಹೊಸದಾಗಿ ಕಟ್ಟಿದೆವು. ಕಟ್ಟಿದೆವು ಎಂದೇ ಹೇಳುತ್ತೇನೆ, ಯಾಕೆಂದರೆ ಅದರೊಳಗಿನ ಬೆಸುಗೆಯಲ್ಲಿ ಅರ್ಧದಷ್ಟು ನನ್ನ ಕೈಯವು. ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದು. ಅಪ್ಪ ಅಂಗಡಿಗೆ ಒಯ್ದು ಬ್ಯಾಟರಿಗೆ ಕೊಟ್ಟು ಹಾಡಿಸಿದಾಗ ಪಕ್ಕದ ಕಲಾಯಿ ಸಾಹೇಬರು ಬಂದು ನಿಂತು ಕೇಳಿ, "ವಾಹ್, ಬಿಲ್ಕುಲ್ ಸಾಫ್" ಅಂದರಂತೆ.

ಇನ್ನು ಮಧುಗಿರಿಯ ಮನೆ. ನಮ್ಮ ಮಾವ ಬಹಳ ವರ್ಷ ಬಸ್ಸು ಓಡಿಸಿದವರು. ಕೊನೆಗೆ ಬಸ್ಸು ಬಿಟ್ಟು, ಯಾರೋ ಓಡಿಸಿ ಹಳತಾದ ವಿಲಾಯ್ತಿ ಕಾರೊಂದನ್ನು ಕೊಂಡು ಬಾಡಿಗೆಗೆ ಬಿಟ್ಟಿದ್ದರು. ನನ್ನ ಗಂಡ ಅದನ್ನು ಓಡಿಸುತ್ತಿದ್ದರು. ಕೊರಟಗೆರೆ ಕಡೆ ಹೆಣ್ಣು ನೋಡಲು ಹೋಗುವವರು, ಪಾವಗಡಕ್ಕೆ ಸಾವಿಗೆ ಹೋಗುವವರು, ತೋವಿನಕೆರೆಯಿಂದ ಆಸ್ಪತ್ರೆಗೆ ಬರುವ ಬಸುರಿಯರು, ಎಲ್ಲರಿಗೂ ಆ ಕಾರೇ. ಮಾವನಿಗೆ ಆ ಕಾರೆಂದರೆ ಪ್ರಾಣ. ಬೆಳಿಗ್ಗೆ ಅದರ ಮುಖ ಒರೆಸಿದ ಮೇಲೆಯೇ ಅವರು ತಮ್ಮ ಮುಖ ತೊಳೆಯುತ್ತಿದ್ದದ್ದು.

ಅಪ್ಪ ಕೊಟ್ಟ ರೇಡಿಯೋವನ್ನು ಊರಿನ ವೈರಿಂಗ್‌ನವರೊಬ್ಬರು ಕೂರಿಸಿದರು. ಅಪ್ಪ ಬಂದು ಕೂರಿಸಲಿಲ್ಲ, ಹೆಣ್ಣು ಕೊಟ್ಟ ಮನೆಯ ಕಾರಿನಡಿ ಮಲಗಿ ಕೆಲಸ ಮಾಡುವುದು ಚೆನ್ನಾಗಿರುವುದಿಲ್ಲ ಎಂದು. ಜೊತೆಗೆ ಬೇಕಾದ ಕಂಡೆನ್ಸರು, ತಂತಿ, ಏರಿಯಲ್ಲು, ಯಾವುದು ಎಲ್ಲಿಗೆ ಎಂಬ ವಿವರ, ಎಲ್ಲ ಕಳಿಸಿದ್ದ. ವೈರಿಂಗ್‌ನವರು ಹೇಳಿದ ಹಾಗೇ ಮಾಡಿದರು. ನಾನು ಅಡುಗೆಮನೆಯ ಕಿಟಕಿಯಿಂದ ಕಣ್ಣು ಕೀಳದೆ ನೋಡುತ್ತಿದ್ದೆ, ಅವರ ಮೇಲೆ ತಪ್ಪು ಹೊರಿಸಲು ನನ್ನ ಹತ್ತಿರ ಏನೂ ಇಲ್ಲ.

ಮೊದಲ ಸಲ ಮನೆಯವರೆಲ್ಲ ಕೂತು ಗೊರವನಹಳ್ಳಿಗೆ ಹೊರಟೆವು. ಗಂಡ ರೇಡಿಯೋ ಹಾಕಿದರು. ಒಂದು ಗಳಿಗೆ ಚೆನ್ನಾಗಿ ಹಾಡು ಬಂತು. ಎಂಜಿನ್ ಸ್ಟಾರ್ಟ್ ಮಾಡಿದ್ದೇ ತಡ, ಗುಂಯ್ ಎಂದು ಒಂದು ಸದ್ದು ಶುರುವಾಯಿತು, ಹಿಂದೆಯೇ ಟಕಟಕ ಎಂದು ಇನ್ನೊಂದು. ಕಾರು ಜೋರಾದ ಹಾಗೆ ಗುಂಯ್ ಕೂಡ ಏರುತ್ತಾ ಹೋಯಿತು, ಕೊರಟಗೆರೆ ದಾಟುವ ಹೊತ್ತಿಗೆ ಹಾಡುವವಳು ಎಲ್ಲೋ ಬಾವಿಯೊಳಗೆ ಬಿದ್ದು ಕೂಗುವಂತೆ ಕೇಳುತ್ತಿತ್ತು.

ಮಾವ ಮುಂದಿನ ಸೀಟಿನಿಂದ ಹಿಂದೆ ತಿರುಗಿ, "ಏನಮ್ಮಾ, ಬೀಗ್ರು ರೇಡಿಯೋ ಕಳ್ಸವ್ರೋ, ಜೇನ್ ಪೆಟ್ಗೆ ಕಳ್ಸವ್ರೋ?" ಅಂದರು. ಎಲ್ಲರೂ ನಕ್ಕರು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ನನಗೆ ಆ ಕಾರಿನಿಂದ ಇಳಿದು ನಡೆದುಕೊಂಡೇ ಶಿರಾಕ್ಕೆ ಹೋಗಬೇಕು ಅನ್ನಿಸಿತು.

ಅಲ್ಲಿಂದ ಶುರುವಾಯಿತು. ಕಾರಿಗೆ ಹತ್ತಿದವರೆಲ್ಲ ಒಂದೊಂದು ಮಾತು. ಪಾವಗಡ ಕಡೆಯವರೊಬ್ಬರು ಇಳಿಯುವಾಗ, "ಏಮಪ್ಪಾ, ಇದಿ ರೇಡಿಯೋನಾ, ಪಿಂಡಿ ಮಿಷನಾ?" ಎಂದು ಕೇಳಿದರಂತೆ. ಹಿಟ್ಟಿನ ಗಿರಣಿಗೆ ಹೋಲಿಸಿದ್ದು. ಗಂಡ ಅದನ್ನು ಮನೆಗೆ ಬಂದು ತಮಾಷೆಗೆ ಹೇಳಿದರು, ಮಾವ ಅದನ್ನು ಬಸ್ ಸ್ಟ್ಯಾಂಡಿಗೆ ಹೋಗಿ ಊರಿಗೆಲ್ಲ ಹೇಳಿದರು. ಶಿರಾದಲ್ಲಿ ಒಂದು ರೇಡಿಯೋ ಅಂಗಡಿ ಐತಂತೆ, ಅಲ್ಲಿ ಬೀಸೋಕೆ ರಾಗಿ ತಗೊಂಡೋಗ್ಬೋದಂತೆ ಎಂದು ಮಧುಗಿರಿಯ ಬೀದಿಯಲ್ಲಿ ಜನ ನಗುವಷ್ಟಾಯಿತು. ಅಪ್ಪನ ಅನ್ನ ಆ ಹೆಸರಿನ ಮೇಲೆ ನಿಂತಿತ್ತು. ಮಧುಗಿರಿಯಿಂದ ಶಿರಾಕ್ಕೆ ದಿನಾ ಬಸ್ಸು ಓಡಾಡುತ್ತದೆ, ಬಸ್ಸಿನಲ್ಲಿ ಮಾತೂ ಓಡಾಡುತ್ತದೆ.

ದಸರಾ ಬಂತು. ಮಾವ ಆಯುಧಪೂಜೆಯನ್ನು ಮಾಡುತ್ತಿದ್ದ ರೀತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಬೇರೆಯವರು ಗಾಡಿ ತೊಳೆದು, ಕುಂಕುಮ ಇಟ್ಟು, ಹೂವು ಏರಿಸಿ, ಕುಂಬಳಕಾಯಿ ಒಡೆದು ಮುಗಿಸುತ್ತಾರೆ. ಮಾವ ಹಾಗಲ್ಲ. ಬಸ್ಸಿನ ಕಾಲದಿಂದ ಅವರದು ಒಂದು ಪದ್ಧತಿ. ಹಬ್ಬಕ್ಕೆ ಮುಂಚೆ ಬಾನೆಟ್ ಎತ್ತಿ, ಕೈಗೆ ಸಿಗುವ ಬೋಲ್ಟು, ಕ್ಲಾಂಪು, ಪಟ್ಟಿಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಂಗಳದಲ್ಲಿ ಸಾಲಾಗಿ ಒಣಗಿಸಿ, ಒಂದೊಂದಕ್ಕೂ ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಬಣ್ಣ ಒಣಗಿದ ಮೇಲೆ ಮತ್ತೆ ಜೋಡಿಸಿ, ಆಮೇಲೆ ಪೂಜೆ. ಎಂಜಿನ್ ಮನೆ ಪೂರ್ತಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕೊಳೆ ಮೆತ್ತಿದ ಕಬ್ಬಿಣಕ್ಕೆ ಕುಂಕುಮ ಇಟ್ಟರೆ ಅದು ಪೂಜೆಯಲ್ಲ ಎನ್ನುವುದು ಅವರ ಮಾತು.

ಪೂಜೆಯಾದ ಮೇಲೆ ರೇಡಿಯೋ ಹಾಕಿದರೆ ಸದ್ದು ಮೊದಲಿಗಿಂತ ದುಪ್ಪಟ್ಟಾಗಿತ್ತು. ಹಾಡು ಇದೆ ಎಂದು ಊಹೆ ಮಾಡಿಕೊಳ್ಳಬೇಕು.

ಮಾವ ಅವತ್ತು ನಗಲಿಲ್ಲ. ಊಟದ ಎಲೆಯ ಮುಂದೆ ಕೂತು, ನನಗೆ ಕೇಳುವ ಹಾಗೆ ಅತ್ತೆಗೆ ಹೇಳಿದರು, "ದೀಪಾವಳಿಗೆ ಅಳಿಯನ್ನ ಕರೆಯೋಕೆ ಬೀಗ್ರು ಬರ್ತಾರಲ್ಲ, ಆಗ ರೇಡಿಯೋ ಬಿಚ್ಚಿ ಕೈಗೆ ಕೊಟ್ಟು ಕಳಿಸ್ತೀನಿ. ನಿಮ್ ಸಾಮಾನು ನಮಗ್ ಬ್ಯಾಡ, ನಿಮ್ ಅಂಗ್ಡೀಲೇ ಇಟ್ಕಳಿ ಅಂತೀನಿ."

ಹೆಣ್ಣು ಕೊಟ್ಟವನು ಕರೆಯಲು ಬಂದಾಗ, ಕೊಟ್ಟ ಉಡುಗೊರೆಯನ್ನು ಬಾಗಿಲಲ್ಲಿ ವಾಪಸ್ಸು ಕೊಡುವುದು. ಅದಕ್ಕಿಂತ ಕೆನ್ನೆಗೆ ಹೊಡೆಯುವುದು ವಾಸಿ. ಅಪ್ಪ ಆ ಡಬ್ಬ ಹೊತ್ತುಕೊಂಡು ಬಸ್ಸಿನಲ್ಲಿ ಕೂತು ಹೋಗುವುದು ಕಣ್ಣ ಮುಂದೆ ಬಂತು. ಅವನ ಮಾನ ಉಳಿಯಬೇಕಾದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಹೇಳಿ ಕಳಿಸಿದ್ದ. ಈಗ ಬಾಯಿ ಮುಚ್ಚಿಕೊಂಡರೇ ಅದು ಹೋಗುತ್ತದೆ. ಕೈ ತೊಳೆಯುವಾಗಲೇ ನಾನು ತೀರ್ಮಾನ ಮಾಡಿದೆ. ಆಗಿದ್ದಾಗಲಿ.

ಮಾರನೆಯ ಬೆಳಿಗ್ಗೆ ಗಂಡ ಕಾರು ಒರೆಸುತ್ತಿದ್ದಾಗ ಹೋಗಿ, "ಎಂಜಿನ್ ಹಾಕ್ದೆ ಬರೀ ರೇಡಿಯೋ ಹಾಕಿ" ಅಂದೆ. ಹಾಕಿದರು. ಗಂಟೆ ಹೊಡೆದಂತೆ ಸ್ಪಷ್ಟ. "ರೇಡಿಯೋದೇ ತಪ್ಪಾಗಿದ್ರೆ ಈಗ್ಲೂ ಕಿರುಚ್ಬೇಕಿತ್ತಲ್ವಾ?" ಅಂದೆ. ಅವರು ತಲೆ ಕೆರೆದುಕೊಂಡರು. ಮಾವ ಜಗುಲಿಯಲ್ಲಿ ಕೂತು ಕೇಳಿಸಿಕೊಂಡಿದ್ದರು. "ನಿಂತ್ ಕಾರಲ್ಲಿ ಹಾಡು ಕೇಳೋಕೆ ಕಾರ್ ಯಾಕಮ್ಮಾ? ನಿಂತಿದ್ದಾಗ ಎಲ್ರೂ ಸರೀಗೇ ಇರ್ತಾರೆ" ಅಂದರು. ನಾನು ಉತ್ತರ ನುಂಗಿಕೊಂಡು ಒಳಗೆ ಹೋದೆ. ನುಂಗಿದ್ದು ಜೀರ್ಣವಾಗಲಿಲ್ಲ.

ಆ ವಾರವೇ ಪಾವಗಡದಲ್ಲಿ ನಮ್ಮ ನೆಂಟರ ಮನೆಯ ನಾಮಕರಣ. ಅತ್ತೆ ಮಾವ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು, ನಾನೂ ಗಂಡನೂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು ಸಿಕ್ಕಿತು. ಅಕ್ಕಪಕ್ಕ ಬಂಡೆ, ಜಾಲಿಗಿಡ ಬಿಟ್ಟರೆ ನರಪಿಳ್ಳೆ ಇಲ್ಲ.

"ಗೇರಲ್ಲೇ ಬಿಟ್ಟು ಕೀ ಆಫ್ ಮಾಡಿ" ಅಂದೆ.

"ಯಾಕೆ?"

"ಮಾಡಿ, ಹೇಳ್ತೀನಿ."

ಮಾಡಿದರು. ಟಕಟಕ ತಕ್ಷಣ ನಿಂತಿತು. ಗುಂಯ್ ಮಾತ್ರ ನಿಲ್ಲಲಿಲ್ಲ, ಕಾರಿನ ಓಟದ ಜೊತೆಗೇ ಓಡಿ, ಕಾರು ನಿಧಾನವಾದ ಹಾಗೆ ತಗ್ಗಿ, ನಿಂತಾಗ ನಿಂತಿತು. ನನಗೆ ಕುಣಿಯುವಷ್ಟು ಸಂತೋಷ. "ಎರಡು ಸದ್ದು, ಎರಡು ಜಾಗ" ಅಂದೆ. "ಟಕಟಕ ಅನ್ನೋದು ಪ್ಲಗ್ಗಿನ ಕಿಡಿ. ಕೀ ಆಫ್ ಮಾಡಿದ್ರೆ ಕಿಡಿ ಇಲ್ಲ, ಸದ್ದೂ ಇಲ್ಲ. ಗುಂಯ್ ಅನ್ನೋದು ಬ್ಯಾಟರಿ ಚಾರ್ಜ್ ಮಾಡೋ ಡೈನಮೋದು. ಗೇರಲ್ಲಿದ್ರೆ ಚಕ್ರ ಎಂಜಿನ್ನ ತಿರುಗಿಸ್ತಾ ಇರುತ್ತೆ, ಎಂಜಿನ್ ತಿರುಗೋವರೆಗೂ ಅದೂ ತಿರುಗುತ್ತೆ."

ಗಂಡ ಸ್ಟೀರಿಂಗ್ ಹಿಡಿದುಕೊಂಡೇ ನನ್ನನ್ನು ನೋಡಿದರು. "ನಿಂಗೆ ಇದೆಲ್ಲಾ ಹೆಂಗೆ ಗೊತ್ತು?"

ಹೇಳಿದೆ. ಅಂಗಡಿ, ಬಣ್ಣ ಓದುವುದು, ಹಿಂದಿನ ಕೋಣೆ, ವಾಪಸ್ಸಾದ ಸಂಬಂಧಗಳು, ಎಲ್ಲ. ಬೇಕಾದರೆ ಇಲ್ಲೇ ಇಳಿಸಿ ಹೋಗಲಿ ಎಂಬ ಧೈರ್ಯದಲ್ಲಿ ಹೇಳಿದೆ. ಅವರು ನನ್ನ ಬಲಗೈ ತೆಗೆದುಕೊಂಡು ಬೆರಳ ತುದಿಯ ಸುಟ್ಟ ಕಲೆಗಳನ್ನು ನೋಡಿದರು. "ನಿಂಗೆ ಒಲೆ ಹಚ್ಚೋಕೆ ಬರಲ್ಲ ಅಂದ್ಕೊಂಡಿದ್ದೆ" ಅಂದರು. ಆಮೇಲೆ, "ನಮ್ಮಪ್ಪಂಗೆ ಮಾತ್ರ ನಾನ್ ಹೇಳಲ್ಲಪ್ಪ" ಎಂದು ಕಾರು ಸ್ಟಾರ್ಟ್ ಮಾಡಿದರು. ಒಳ್ಳೆಯ ಮನುಷ್ಯ. ಅವರ ಧೈರ್ಯ ಅಲ್ಲಿಯವರೆಗೆ.

ಜಾಗ ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ. ಡೈನಮೋದ ಸದ್ದನ್ನು ನುಂಗಲೆಂದೇ ಅಪ್ಪ ಕಂಡೆನ್ಸರು ಕಳಿಸಿದ್ದ. ಅದು ಹೆಬ್ಬೆರಳ ಗಾತ್ರದ ತಗಡಿನ ಡಬ್ಬಿ. ಅದರ ತಂತಿ ಡೈನಮೋದ ಕರೆಂಟಿಗೆ ಸೇರಬೇಕು, ಅದರ ಮೈ ಕಾರಿನ ಮೈಗೆ ಸೇರಬೇಕು. ಎರಡೂ ಸೇರಿದರೆ ಸದ್ದು ರೇಡಿಯೋದವರೆಗೆ ಬರುವುದೇ ಇಲ್ಲ. ಬಾನೆಟ್ ಎತ್ತಿದಾಗಲೆಲ್ಲ ಏನೋ ನೆಪ ಮಾಡಿಕೊಂಡು ಹೋಗಿ ನೋಡಿದೆ. ತಂತಿ ಬಿಗಿಯಾಗಿತ್ತು. ಕಂಡೆನ್ಸರು ಬಿಗಿಯಾಗಿತ್ತು. ತಗಡಿಗೆ ತಗಡು ಕೂತು ಬೆಳ್ಳಗೆ ಹೊಳೆಯುತ್ತಿತ್ತು. ಎಲ್ಲ ಸರಿಯಾಗಿತ್ತು, ಅದೇ ನನ್ನ ತಲೆ ಕೆಡಿಸಿದ್ದು. ಅತ್ತೆ ಬೇರೆ, "ಪೂಜೆ ಆದ್ಮೇಲೆ ಜಾಸ್ತಿ ಆಗೈತೆ ಅಂದ್ರೆ ಆ ಡಬ್ಬ ದೇವ್ರಿಗೇ ಆಗ್ಬರ್ತಿಲ್ಲ ಕಣಮ್ಮ" ಎಂದು ಗೊಣಗುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಆದರೆ ಪೂಜೆ ಆದ ಮೇಲೆ ಹೆಚ್ಚಾದದ್ದು ಸುಳ್ಳಲ್ಲವಲ್ಲ.

ಒಂದು ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆಳ್ಳಗೆ ಹೊಳೆಯುವ ಹನಿಗಳು ಕಂಡವು. ಸೀಸ ಕರಗಿ ಬಿದ್ದ ಹಾಗಿತ್ತು. ಇಲ್ಲಿ ಯಾರಪ್ಪ ಬೆಸುಗೆ ಹಾಕಿದವರು ಎಂದುಕೊಂಡು ಉಗುರಿನಿಂದ ಮೀಟಿದೆ. ಸಿಪ್ಪೆಯಂತೆ ಎದ್ದು ಬಂತು. ಸೀಸವಲ್ಲ, ಮಾವ ಬಳಿದ ಬೆಳ್ಳಿ ಬಣ್ಣ.

ಸಾರಿಸುವ ಬಟ್ಟೆ ಅಲ್ಲೇ ಬಿಟ್ಟು ಎದ್ದೆ. ಹೊಳೆಯುತ್ತಿದ್ದದ್ದು ತಗಡಲ್ಲ, ಬಣ್ಣ! ಲೋಹದ ಹಾಗೆಯೇ ಕಾಣುವ ಬಣ್ಣ. ಮಾವ ಪ್ರತಿ ವರ್ಷ ಎಲ್ಲ ಬಿಚ್ಚಿ, ಎಲ್ಲಕ್ಕೂ ಬಳಿದು, ಬಣ್ಣದ ಮೇಲೆ ಬಣ್ಣವಿಟ್ಟು ಬಿಗಿಯುತ್ತಾ ಬಂದಿದ್ದರು. ಅವರು ಬಿಚ್ಚಿ ಜೋಡಿಸಿದ ಕಡೆಯೆಲ್ಲ ತಗಡಿಗೆ ತಗಡು ಮುಟ್ಟುತ್ತಲೇ ಇರಲಿಲ್ಲ, ಮೊದಲ ದಿನದ ಸದ್ದು ಅದರಿಂದಲೇ. ಈ ದಸರಾಕ್ಕೆ ಅಪ್ಪನ ಕಂಡೆನ್ಸರಿಗೂ, ಏರಿಯಲ್ಲಿನ ಬುಡಕ್ಕೂ ಅದೇ ಭಾಗ್ಯ ಸಿಕ್ಕಿತ್ತು. ನನ್ನ ಕಣ್ಣಿಗೇ ಅದು ಮೋಸ ಮಾಡಿತ್ತಲ್ಲ ಎಂದು ನನ್ನ ಮೇಲೆ ಕೋಪವೂ ಬಂತು, ನಗುವೂ ಬಂತು.

ಮಾವ ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಅಪ್ಪ ಕರೆಯಲು ಬರುವ ದಿನ ಮಾರನೆಯದೇ. ಗಂಡನನ್ನು ಕರೆದು ಬಾನೆಟ್ ಎತ್ತಿಸಿದೆ. ಸಾಮಾನಿನ ಪೆಟ್ಟಿಗೆಯಲ್ಲಿದ್ದ ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ, ಒಂದು ತುದಿಯನ್ನು ಬ್ಯಾಟರಿಯ ಕರೆಂಟಿಗೆ ಸಿಕ್ಕಿಸಿದೆ. ಇನ್ನೊಂದು ತುದಿ ಕಾರಿನ ಮೈಗೆ ಚೆನ್ನಾಗಿ ತಾಕಿದರೆ ಬಲ್ಬು ಹತ್ತಬೇಕು. ತಲೆಯಿಂದ ಪಿನ್ನು ಕಿತ್ತು ಕಂಡೆನ್ಸರಿನ ಮೈಯನ್ನು ಗೀರಿ, ತಂತಿ ಮುಟ್ಟಿಸಿದೆ. ಹತ್ತಲಿಲ್ಲ. ಅದು ಕೂತಿದ್ದ ಡೈನಮೋದ ಮೈಯನ್ನು ಗೀರಿ ಮುಟ್ಟಿಸಿದೆ. ಝಗ್ ಎಂದು ಹತ್ತಿತು. ಎರಡರ ನಡುವೆ ಇದ್ದದ್ದು ಕಾಗದದಷ್ಟು ಬಣ್ಣ, ಅಷ್ಟೇ.

"ಬೋಲ್ಟ್ ಬಿಚ್ಚಿಕೊಡಿ" ಅಂದೆ. ಗಂಡ ಬೀದಿಯ ಕಡೆ ನೋಡಿಕೊಂಡು ಬಿಚ್ಚಿಕೊಟ್ಟರು. ಕೆರೆಯಲು ಏನೂ ಸಿಗಲಿಲ್ಲ. ಅಡುಗೆಮನೆಗೆ ಹೋಗಿ ದೋಸೆ ಮಗುಚುವ ಕಬ್ಬಿಣದ ಸಟ್ಟುಗ ತಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವ ಅಂಗಳದಲ್ಲಿ, ಬಾನೆಟ್ಟಿನೊಳಗೆ ಬಗ್ಗಿ ಕೆರೆದೆ. ಶಿರಾದಲ್ಲಿ ಬಾಗಿಲು ಹಾಕಿಕೊಂಡು ಮಾಡಿದ ಕೆಲಸ ಸಾಕಾಗಿತ್ತು ನನಗೆ. ನೋಡುವವರು ನೋಡಲಿ ಎಂದೇ ಕೆರೆದೆ. ಕಂಡೆನ್ಸರಿನ ಬುಡ, ಏರಿಯಲ್ಲಿನ ಬುಡ, ಬಾನೆಟ್ಟಿನ ಕೀಲು. ವರ್ಷ ವರ್ಷದ ಬಣ್ಣ ಪದರ ಪದರವಾಗಿ ಎದ್ದು, ಕೆಳಗೆ ನಿಜವಾದ ಲೋಹ ಕಂಡಿತು. ಅದು ಅಷ್ಟೇನೂ ಹೊಳೆಯುತ್ತಿರಲಿಲ್ಲ.

ಮೊದಲು ಅತ್ತೆ ನೋಡಿದರು. "ಅಯ್ಯೋ ನನ್ ಸಟ್ಟುಗ!" ಎಂದು ಎದೆಗೆ ಕೈಯಿಟ್ಟುಕೊಂಡು, ಆಮೇಲೆ ಉಳಿದದ್ದನ್ನು ನೋಡಿ ಜಗುಲಿಯ ಮೇಲೆ ಕೂತುಬಿಟ್ಟರು. ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ತಲೆ ಹಾಕಿದರು. ಅಷ್ಟರಲ್ಲಿ ಮಾವ ಬಂದರು.

"ಏನ್ಲಾ ಇದು?" ಎಂದು ಮಗನನ್ನು ಕೇಳಿದರು. ಮಗ ಸ್ಪ್ಯಾನರನ್ನು ಬೆನ್ನ ಹಿಂದೆ ಮಾಡಿಕೊಂಡರು.

"ಅವ್ರನ್ನ ಯಾಕೆ ಕೇಳ್ತೀರಿ ಮಾವ, ಮಾಡಿದ್ದು ನಾನು" ಅಂದೆ.

"ಪೂಜೆ ಮಾಡಿದ್ ಗಾಡಿ ಕಣಮ್ಮ ಅದು! ಕುಂಕುಮ ಇಟ್ಟಿರೋ ಕಡೆ ಸಟ್ಟುಗ ಹಾಕಿ ಕೆರೀತೀಯಲ್ಲ, ನಿಂಗೇನ್ ಬುದ್ಧಿಗಿದ್ಧಿ ಐತಾ?"

"ಕುಂಕುಮ ಮುಟ್ಟಿಲ್ಲ ಮಾವ. ಬಣ್ಣ ಕೆರೆದಿದೀನಿ. ಸದ್ದು ಬರ್ತಿರೋದು ನಿಮ್ಮ ಬಣ್ಣದಿಂದ. ನಮ್ಮಪ್ಪನ ರೇಡಿಯೋದಿಂದ ಅಲ್ಲ."

ಆ ಮನೆಯಲ್ಲಿ ಮಾವನಿಗೆ ಹಾಗೆ ಎದುರು ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ.

"ಬೆಳ್ಳಿ ಬಣ್ಣ ಅಂದ್ರೆ ಲೋಹದ ಪುಡಿ ಕಣಮ್ಮ. ಅದ್ರಲ್ಲಿ ಕರೆಂಟ್ ಹೋಗ್ದೆ ಇರ್ತೈತಾ?" ಅಂದರು.

ತಂತಿಯ ತುದಿಯನ್ನು ಅವರ ಕೈಗೆ ಕೊಟ್ಟೆ. "ಬಣ್ಣ ಇರೋ ಕಡೆ ಮುಟ್ಸಿ" ಅಂದೆ. ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ. "ಈಗ ನಾನ್ ಕೆರೆದಿರೋ ಕಡೆ ಮುಟ್ಸಿ." ಹತ್ತಿತು. ಅವರು ನಂಬಲಿಲ್ಲ. ಎಂಜಿನ್ ಮನೆಯ ತುಂಬ ಅಲ್ಲಿ ಮುಟ್ಟಿಸಿದರು, ಇಲ್ಲಿ ಮುಟ್ಟಿಸಿದರು. ಬೆಳ್ಳಗೆ ಹೊಳೆಯುವ ಕಡೆಯಲ್ಲೆಲ್ಲ ಕತ್ತಲೆ, ಗೀರಿದ ಕಡೆಯಲ್ಲಿ ಮಾತ್ರ ಬೆಳಕು. ಆದರೂ ಸೋಲಲು ಮನಸ್ಸಿಲ್ಲ. "ಬಲ್ಬ್ ಕಟ್ಕೊಂಡು ನನಗೇನಾಗ್ಬೇಕು? ಸದ್ದು ನಿಲ್ಲಲಿಲ್ಲ ಅಂದ್ರೆ ನಾಳೆ ಬೀಗ್ರ ಕೈಲಿ ಡಬ್ಬ ಹೊರಿಸಿ ಕಳಿಸೋನೇ ನಾನು."

"ಸದ್ದು ನಿಲ್ಲಲಿಲ್ಲ ಅಂದ್ರೆ ಡಬ್ಬದ ಜೊತೆ ನನ್ನೂ ಕಳಿಸಿಬಿಡಿ" ಅಂದೆ.

ಗಂಡ ಬೆಚ್ಚಿ ನನ್ನ ಮುಖ ನೋಡಿದರು. ನಾನು ಸಿಟ್ಟಿನಲ್ಲಿ ಅಂದದ್ದೇನೋ ನಿಜ, ಆದರೆ ಸುಳ್ಳು ಅಂದಿರಲಿಲ್ಲ. ಕಂಡೆನ್ಸರನ್ನು ನಾನೇ ಕೂರಿಸಿದೆ, ಬೋಲ್ಟನ್ನು ಅವರು ಬಿಗಿದರು. ಮಾವ ಸೀಟಿನಲ್ಲಿ ಕೂತು ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೋ ಹಾಕಿದರು. ಯಾರೋ ವೀಣೆ ನುಡಿಸುತ್ತಿದ್ದರು. ಒಂದೊಂದು ತಂತಿಯೂ ಬೇರೆ ಬೇರೆ ಕೇಳಿಸಿತು. ಮಾವ ಆಕ್ಸಿಲರೇಟರ್ ಒತ್ತಿದರು. ಗುಂಯ್ ಇಲ್ಲ. ಇನ್ನೂ ಒತ್ತಿದರು. ಇಲ್ಲ. ಕಳೆದುಹೋದ ದನ ಹುಡುಕುವವರ ಹಾಗೆ ತಲೆ ಬಗ್ಗಿಸಿ, ಕಿವಿ ಒಡ್ಡಿ, ಎಂಜಿನ್ ಕಿರುಚುವವರೆಗೂ ಒತ್ತಿ ನೋಡಿದರು. "ಎಲ್ಲೋಯ್ತು?" ಎಂದು ನನ್ನನ್ನೇ ಕೇಳಿದರು.

ಆ ಸದ್ದು ಹೋದದ್ದರ ಬಗ್ಗೆ ಅವರಿಗೆ ಸಂತೋಷವಾಯಿತೋ ಬೇಸರವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಳಿದು ಬಂದು, ಕೆರೆದ ಜಾಗಗಳನ್ನು ಬಹಳ ಹೊತ್ತು ನೋಡಿ, "ಯಾರ್ ಕಲಿಸಿದ್ದು?" ಅಂದರು. "ನಮ್ಮಪ್ಪ" ಅಂದೆ. ಮಾವ ಒಳಗೆ ಹೋದರು. ಸಟ್ಟುಗವನ್ನು ಅತ್ತೆ ಹುಣಸೆಹಣ್ಣು ಹಾಕಿ ಉಜ್ಜಿ, ಬೂದಿ ಹಾಕಿ ಉಜ್ಜಿ, ಕೊನೆಗೆ ಒಲೆಯೊಳಗಿಟ್ಟು ಕಾಯಿಸಿ ಮಡಿ ಮಾಡಿದರು.

ಮಾರನೆಯ ದಿನ ಅಪ್ಪ ಬಂದ. ಒಗೆದ ಪಂಚೆ, ಕೈಯಲ್ಲಿ ಹಣ್ಣಿನ ಚೀಲ. ಬಸ್ಸಿನಲ್ಲೇ ಯಾರೋ ಅವನಿಗೆ ಜೇನು ಪೆಟ್ಟಿಗೆಯ ಮಾತು ಮುಟ್ಟಿಸಿದ್ದರು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕಾಫಿ ಮುಗಿಯುವ ತನಕ ಅವನು ಕಾರಿದ್ದ ಕಡೆ ತಿರುಗಲೇ ಇಲ್ಲ. ಮಾವನೇ ಎದ್ದು, "ಬನ್ನಿ ಬೀಗ್ರೇ, ನಿಮ್ ರೇಡಿಯೋ ಕೇಳ್ರಿ" ಎಂದು ಕರೆದುಕೊಂಡು ಹೋದರು. ಎಂಜಿನ್ ಹಾಕಿ, ರೇಡಿಯೋ ಹಾಕಿದರು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಬಾನೆಟ್ ಎತ್ತಿಸಿ, ಬಗ್ಗಿ, ಕೆರೆದ ಜಾಗದ ಮೇಲೆ ಬೆರಳಾಡಿಸಿದ. ಯಾರ ಕೈ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆನ್ನು ನೇರ ಮಾಡಿದವನ ಮುಖ ಬಿಳಿಚಿಕೊಂಡಿತ್ತು.

ಮಾವನ ಮುಂದೆ ಎರಡು ಕೈ ಜೋಡಿಸಿದ. "ತಪ್ಪಾಯ್ತು ಬೀಗ್ರೇ. ಹೆಣ್ಮಗು, ತಿಳೀದೆ ಗಾಡಿಗೆ ಕೈ ಹಾಕ್ಬುಟ್ಟದೆ. ಹೊಟ್ಟೇಗ್ ಹಾಕ್ಕಳಿ."

ತಿಳಿಯದೆ. ಮಾವ ಅಂದ ಯಾವ ಮಾತೂ ನನಗೆ ಅಷ್ಟು ನಾಟಿರಲಿಲ್ಲ. ಯಾರ ಮಾನಕ್ಕಾಗಿ ನಾನು ಆ ಮನೆಯಲ್ಲಿ ನನ್ನ ಬಾಳನ್ನೇ ಪಣಕ್ಕೆ ಇಟ್ಟಿದ್ದೆನೋ, ಅವನೇ ನನ್ನ ಪರವಾಗಿ ಕ್ಷಮೆ ಕೇಳುತ್ತಿದ್ದ. ಅಳು ಬಂತು. ಅಳಲಿಲ್ಲ. ಹೋಗಿ ಅವನ ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿದೆ.

"ತಿಳೀದೆ ಅಲ್ಲಪ್ಪ, ತಿಳಿದೇ ಕೈ ಹಾಕಿದ್ದು" ಅಂದೆ. "ನಿನ್ ರೇಡಿಯೋ ಸರಿಯಾಗಿತ್ತು. ನಾನೂ ಸರಿಯಾಗೇ ಇದೀನಿ. ನಮ್ಮಿಬ್ಬರ ಬಗ್ಗೆ ನೀನು ಯಾರ ಹತ್ರಾನೂ ತಪ್ಪಾಯ್ತು ಅನ್ಬೇಡ."

ಎಂಜಿನ್ ಓಡುತ್ತಲೇ ಇತ್ತು, ರೇಡಿಯೋ ಹಾಡುತ್ತಲೇ ಇತ್ತು. ಅಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದ, ಅವಮಾನದಿಂದ ಎಂದುಕೊಂಡೆ ನಾನು. ಅವನು ಕೇಳಿಸಿಕೊಳ್ಳುತ್ತಿದ್ದ.

"ಇನ್ನೂ ಒಂದು ಟಿಕ್ ಅಂತೈತೆ" ಅಂದ.

"ಗೊತ್ತು, ಪ್ಲಗ್ಗಿನ ಕಿಡಿ ಅದು. ಕಾಯಿಲ್‌ನಿಂದ ಬರೋ ತಂತಿಗೆ ರೆಸಿಸ್ಟರ್ ಬೇಕು. ಇಲ್ಲಿ ಸಿಗಲ್ಲ."

ಅಪ್ಪ ಮಾವನ ಕಡೆ ತಿರುಗಿದ. ಈ ಸಲ ಕೈ ಜೋಡಿಸಲಿಲ್ಲ. "ನಿಮ್ಗೆ ಒಂದ್ ವಿಷ್ಯ ಮುಚ್ಚಿಟ್ಟಿದ್ದೆ ಬೀಗ್ರೇ. ನನ್ ಅಂಗ್ಡಿ ನಡೀತಿದ್ದಿದ್ದೇ ಇವ್ಳಿಂದ. ಈ ರೇಡಿಯೋನೂ ನಾವಿಬ್ರೇ ಕಟ್ಟಿದ್ದು." ಮಾವನ ಉತ್ತರಕ್ಕೆ ಕಾಯದೆ ನನಗೆ ಹೇಳಿದ, ಅಂಗಡಿಯಲ್ಲಿ ಪಕ್ಕದಲ್ಲಿ ಕೂತಾಗ ಹೇಳುತ್ತಿದ್ದ ಅದೇ ಧ್ವನಿಯಲ್ಲಿ, "ನಾಳಿದ್ದು ಬಸ್ಸಲ್ಲಿ ರೆಸಿಸ್ಟರ್ ಕಳಿಸ್ತೀನಿ. ಬ್ಯಾರೆ ಯಾರ್ ಕೈಗೂ ಕೊಡ್ಬ್ಯಾಡ. ನೀನೇ ಹಾಕು."